ಹಾಸನ ಅಂದ್ರೆ ಆಳಲ್ಲ, ಊರು: ವಿದೇಶದಿಂದ ಸಾಮಾನು ಮನೆ ಮುಟ್ಟಿಸುವ ದಾರಿಗಳು

ವಿಯೆಟ್ನಾಂನ ಒಂದು ಅಂಚೆ ಕಚೇರಿಯ ಕೌಂಟರಿನಲ್ಲಿ ನಿಂತಿದ್ದೆ. ಪಾರ್ಸೆಲ್ ಮೇಲೆ ವಿಳಾಸ ಬರೆದಾಗಿತ್ತು. ಕೌಂಟರಿನ ಹುಡುಗಿ ಕೊನೆಯ ಸಾಲಿನ ಮೇಲೆ ಬೆರಳಿಟ್ಟು, 'ಮೇಲೆ ಒಬ್ಬರ ಹೆಸರಿದೆ, ಕೆಳಗೆ ಹಾಸನ್ ಅಂತ ಇನ್ನೊಬ್ಬರು. ಇದು ಯಾರಿಗೆ?' ಅಂತ ಕೇಳಿದಳು. ಅದು ಆಳಲ್ಲಮ್ಮ, ನಮ್ಮ ಜಿಲ್ಲೆ ಅಂತ ಕೈಸನ್ನೆ, ಫೋನಿನ ಮ್ಯಾಪು ಎರಡನ್ನೂ ಸೇರಿಸಿ ತಿಳಿಸುವಷ್ಟರಲ್ಲಿ ನನ್ನ ಹಿಂದಿನ ಸಾಲು ಬಾಗಿಲ ತನಕ ಬೆಳೆದಿತ್ತು.

ಅದು 2024ರ ಫೆಬ್ರವರಿ. ರೋಬಸ್ಟಾ ಕಾಫಿ ಕೊಯ್ಲು ಮುಗಿದಿತ್ತು, ಗಿಡ ಹೂ ಬಿಡಿಸುವ ಹೂಮಳೆಗೆ ಇನ್ನೂ ಟೈಮಿತ್ತು. ಸಕಲೇಶಪುರ, ಮೂಡಿಗೆರೆ ಕಡೆಯ ಹದಿನಾಲ್ಕು ಬೆಳೆಗಾರರು ಅಲ್ಲಿನ ಕಾಫಿ ತೋಟ ನೋಡೋಣ ಅಂತ ಹೋಗಿದ್ದೆವು. ನೋಡಿದ್ದಕ್ಕಿಂತ ಕೊಂಡಿದ್ದೇ ಜಾಸ್ತಿ. ವಾಪಸ್ ಬರುವಾಗ ನನ್ನ ಸಾಮಾನು ಮೂರು ದಾರಿ ಹಿಡಿದು ಊರು ಸೇರಿತು: ಸೂಟ್‌ಕೇಸು, ಅಂಚೆ, ಕೊರಿಯರ್. ನಾಲ್ಕನೆಯದಕ್ಕೆ, ಅಂದರೆ 'ಯಾರಾದ್ರೂ ಊರಿಗೆ ಹೋಗ್ತಿದ್ದಾರಾ' ಅನ್ನುವ ದಾರಿಗೆ, ನಮ್ಮ ಮನೆಯಲ್ಲಿ ಇಪ್ಪತ್ತು ವರ್ಷದ ಅನುಭವ ಇದೆ.

ಸಾಮಾನ್ಯವಾಗಿ ಎಲ್ಲರೂ ಕೇಳುವುದು 'ಅಲ್ಲಿಂದ ಕಳಿಸಲು ಎಷ್ಟಾಗುತ್ತೆ?' ಅಂತ. ಆ ಪ್ರಶ್ನೆ ಅರ್ಧ ಮಾತ್ರ. ನಮ್ಮಂಥ ಊರಿನವರಿಗೆ ಖರ್ಚು ಮತ್ತು ತಲೆನೋವು ಇರುವುದು ಈ ತುದಿಯಲ್ಲಿ. ಬೆಂಗಳೂರಿನ ಕಸ್ಟಮ್ಸ್‌ನಲ್ಲಿ ಒಮ್ಮೆ, ಆಮೇಲೆ ಕೊನೆಯ ಇಪ್ಪತ್ತು ಕಿಲೋಮೀಟರಿನಲ್ಲಿ ಇನ್ನೊಮ್ಮೆ.

ಗಿಫ್ಟ್ ಅಂತ ಬರೆದರೆ ಸುಂಕ ಇಲ್ಲ ಅನ್ನುವುದು ಹಳೇ ಕಥೆ

ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಹತ್ತರಲ್ಲಿ ಎಂಟು ಜನ ಎಡವುವುದು ಇಲ್ಲೇ. ಹಿಂದೆ ವಿದೇಶದಿಂದ ಅಂಚೆಯಲ್ಲೋ ಕೊರಿಯರ್‌ನಲ್ಲೋ ಬರುವ ಸಣ್ಣಪುಟ್ಟ ಉಡುಗೊರೆಗೆ ಸುಂಕದ ವಿನಾಯಿತಿ ಇತ್ತು. ಆನ್‌ಲೈನ್ ವ್ಯಾಪಾರದ ಪಾರ್ಸೆಲ್‌ಗಳೆಲ್ಲ 'ಗಿಫ್ಟ್' ಅನ್ನುವ ಚೀಟಿ ಅಂಟಿಸಿಕೊಂಡು ಬರತೊಡಗಿದವು. 2019ರ ಡಿಸೆಂಬರ್‌ನಲ್ಲಿ ಸರ್ಕಾರ ಆ ಬಾಗಿಲು ಮುಚ್ಚಿತು. ಗಿಫ್ಟ್ ಅಂತ ವಿನಾಯಿತಿ ಕೇಳಿ ತರಿಸಬಹುದಾದದ್ದು ಈಗ ಎರಡೇ: ಜೀವ ಉಳಿಸುವ ಔಷಧಿ ಮತ್ತು ರಾಖಿ. ರಾಖಿ ಅಂದರೆ ಬರೀ ರಾಖಿ. ಜೊತೆಗಿಟ್ಟ ಚಾಕೊಲೇಟ್ ಲೆಕ್ಕಕ್ಕಿಲ್ಲ.

ಹಾಗಂತ ಅಣ್ಣನಿಗೆ ಶರ್ಟು ಕಳಿಸುವಂತಿಲ್ಲ ಅಂತಲ್ಲ. ಕಳಿಸಬಹುದು, ಪೂರ್ತಿ ಸುಂಕ ಕಟ್ಟಬೇಕು ಅಷ್ಟೆ. ಕಸ್ಟಮ್ಸ್ ಸುಂಕ, ಅದರ ಮೇಲೆ ಸರ್‌ಚಾರ್ಜ್, ಅದರ ಮೇಲೆ ಐಜಿಎಸ್‌ಟಿ, ಅಂದರೆ ಆಮದಿಗೆ ಬೀಳುವ ಜಿಎಸ್‌ಟಿ. ಸುಂಕದ ಮೊತ್ತ 100 ರೂಪಾಯಿ ದಾಟದಿದ್ದರೆ ವಸೂಲಿ ಮಾಡುವುದಿಲ್ಲ ಅನ್ನುವ ಒಂದು ಸಣ್ಣ ಕನಿಕರ ಉಂಟು.

ಅಂಗಡಿಯವರು ಮಾತ್ರ ಇವತ್ತಿಗೂ 'ಗಿಫ್ಟ್ ಅಂತ ಹಾಕ್ತೀವಿ, ಹತ್ತು ಡಾಲರ್ ಅಂತ ಬರೀತೀವಿ, ಯೋಚನೆ ಮಾಡಬೇಡಿ' ಅನ್ನುತ್ತಾರೆ. ಆ ಮಾತಿಗೆ ನಾನೂ ತಲೆಯಾಡಿಸಿ ಬಂದಿದ್ದೆ. ಅದರ ಫಲ ಏನಾಯಿತು ಅಂತ ಕೊರಿಯರ್ ವಿಷಯ ಬಂದಾಗ ಹೇಳುತ್ತೇನೆ.

ಸೂಟ್‌ಕೇಸು: ಮೊದಲ ಆಯ್ಕೆ, ಹೆಚ್ಚಿನ ಸಲ ಕೊನೆಯ ಆಯ್ಕೆಯೂ ಅದೇ

ಜೊತೆಯಲ್ಲೇ ತಂದರೆ ವಿನಾಯಿತಿ ಸಿಗುತ್ತದೆ. ಪಾರ್ಸೆಲ್‌ಗೆ ಸಿಗದ ಭಾಗ್ಯ ಇದು. 2016ರ ಬ್ಯಾಗೇಜ್ ನಿಯಮದ ಪ್ರಕಾರ ನಾವು ಹೋದಾಗ ಒಬ್ಬೊಬ್ಬರಿಗೆ 50,000 ರೂಪಾಯಿ ತನಕದ ಹೊಸ ಸಾಮಾನಿಗೆ ಸುಂಕ ಇರಲಿಲ್ಲ. ನೇಪಾಳ, ಭೂತಾನ್, ಮ್ಯಾನ್ಮಾರ್‌ನಿಂದ ಬಂದರೆ 15,000. ಮಿತಿ ದಾಟಿದರೆ ದಾಟಿದ್ದಕ್ಕೆ ಮಾತ್ರ ಶೇಕಡಾ 38.5 ಸುಂಕ ಇತ್ತು. ಅಂದರೆ 60,000 ರೂಪಾಯಿ ಸಾಮಾನು ತಂದವರು 10,000ಕ್ಕೆ 3,850 ರೂಪಾಯಿ ಕಟ್ಟಿ ಹೊರಗೆ ಬರಬಹುದಿತ್ತು. ಈ ಅಂಕಿಗಳನ್ನು ಬಜೆಟ್ಟಿನಲ್ಲಿ ಬದಲಾಯಿಸುತ್ತಿರುತ್ತಾರೆ, ಹಾಗಾಗಿ ಹೊರಡುವ ವಾರ ಕಸ್ಟಮ್ಸ್ ವೆಬ್‌ಸೈಟಿನಲ್ಲಿ ಒಮ್ಮೆ ನೋಡಿಕೊಳ್ಳಿ.

ಗಂಡ ಹೆಂಡತಿ ಇಬ್ಬರ ಮಿತಿಯನ್ನು ಕೂಡಿಸಿ ಒಂದೇ ದುಬಾರಿ ವಸ್ತುವಿಗೆ ಹಾಕುವಂತಿಲ್ಲ. ನಮ್ಮ ತಂಡದ ಒಂದು ಜೋಡಿ 90,000 ರೂಪಾಯಿಯ ಕ್ಯಾಮೆರಾ ತಗೊಂಡು, 'ನಂದು ಐವತ್ತು, ಇವಳದ್ದು ಐವತ್ತು' ಅಂತ ನೆಮ್ಮದಿಯಾಗಿ ವಿಮಾನದಲ್ಲಿ ನಿದ್ದೆ ಮಾಡಿತ್ತು. ಬೆಂಗಳೂರಿನಲ್ಲಿ 40,000ಕ್ಕೆ ಸುಂಕ ಕಟ್ಟಿದರು, 15,400 ರೂಪಾಯಿ. ದೇವನಹಳ್ಳಿಯಿಂದ ಚನ್ನರಾಯಪಟ್ಟಣ ಬರುವ ತನಕ ಇಬ್ಬರೂ ಮಾತಾಡಲಿಲ್ಲ.

ಚಪ್ಪಟೆ ಪರದೆಯ (ಎಲ್‌ಸಿಡಿ, ಎಲ್‌ಇಡಿ, ಪ್ಲಾಸ್ಮಾ) ಟಿವಿಗೆ ಈ ವಿನಾಯಿತಿ 2013ರಿಂದಲೇ ಇಲ್ಲ. ದುಬೈ, ಸಿಂಗಪುರದಿಂದ ಟಿವಿ ಹೊತ್ತು ತರುವ ಕಾಲ ಅಲ್ಲಿಗೆ ಮುಗಿಯಿತು. 18 ದಾಟಿದವರು ಒಂದು ಲ್ಯಾಪ್‌ಟಾಪ್ ಸುಂಕವಿಲ್ಲದೆ ತರಬಹುದು, ಅದು ಈ ಲೆಕ್ಕದಿಂದ ಹೊರಗೆ.

ಇನ್ನು ತೂಕ. 50 ಕೆಜಿ ಮೂಟೆ ಲೆಕ್ಕದಲ್ಲೇ ಬದುಕುವ ನಮಗೆ ಏಳು ಕೆಜಿ ಹ್ಯಾಂಡ್‌ಬ್ಯಾಗು ಅಂದರೆ ನಗು ಬರುತ್ತದೆ. ಕೌಂಟರಿನಲ್ಲಿ ನಿಂತಾಗ ನಗು ಬರುವುದಿಲ್ಲ. ಹೆಚ್ಚುವರಿ ತೂಕವನ್ನು ಮುಂಚೆಯೇ ಆನ್‌ಲೈನ್‌ನಲ್ಲಿ ಕೊಂಡರೆ ಕಡಿಮೆ, ವಿಮಾನ ನಿಲ್ದಾಣದಲ್ಲಿ ಕೊಂಡರೆ ಕಣ್ಣಲ್ಲಿ ನೀರು. ಐದು-ಹತ್ತು ಕೆಜಿ ಜಾಸ್ತಿ ಆಗುವಂತಿದ್ದರೆ ಕೊರಿಯರ್ ರೇಟು ಕೇಳುವ ಮೊದಲು ಏರ್‌ಲೈನ್ ರೇಟು ನೋಡಿ. ನಾನು ವಿಚಾರಿಸಿದ ಪ್ರತಿ ಸಲವೂ ಏರ್‌ಲೈನೇ ಅಗ್ಗವಾಗಿ ಕಂಡಿದೆ. ಒಂದೇ ಪೆಟ್ಟಿಗೆ 32 ಕೆಜಿ ದಾಟಬಾರದು, ಎತ್ತಿ ಇಳಿಸುವವರ ಸೊಂಟ ಉಳಿಯಬೇಕಲ್ಲ.

ವಿಯೆಟ್ನಾಂನ ಹೋಯಿಆನ್ ಊರಿನಲ್ಲಿ ಕೊಂಡ ರೇಷ್ಮೆ ಲಾಂದ್ರಗಳು ನೋಡಲು ನಮ್ಮ ದೀಪಾವಳಿ ಆಕಾಶಬುಟ್ಟಿಯ ಹಾಗೆ ಉಬ್ಬಿಕೊಂಡಿರುತ್ತವೆ. ಆದರೆ ಬಿದಿರ ಕಡ್ಡಿಯ ಹಂದರ ಛತ್ರಿಯಂತೆ ಮಡಚಿಕೊಳ್ಳುತ್ತದೆ. ಮೂರು ಲಾಂದ್ರ ಒಂದು ಟವೆಲ್ ಜಾಗದಲ್ಲಿ ಕೂತವು. ಅವರ ಕಾಫಿ ಫಿಲ್ಟರ್ ಪುಟ್ಟ ಅಲ್ಯೂಮಿನಿಯಂ ಲೋಟದಂಥದ್ದು. ಒಂದೊಂದರೊಳಗೆ ಒಂದೊಂದು ಜೊತೆ ಕಾಲುಚೀಲ ತುರುಕಿದೆ. ಮಡಚುವಂಥದ್ದು, ಒಂದರೊಳಗೊಂದು ಸೇರುವಂಥದ್ದು ಕಂಡರೆ ಧೈರ್ಯವಾಗಿ ಕೊಳ್ಳಿ.

ಇನ್ನೊಂದು ಲಾಭ ತೆರಿಗೆ ವಾಪಸ್ಸಿನದು. ಯುರೋಪಿಯನ್ ಒಕ್ಕೂಟದ ದೇಶಗಳಲ್ಲಿ ಕೊಂಡ ಸಾಮಾನನ್ನು ಮೂರು ತಿಂಗಳೊಳಗೆ ನಿಮ್ಮ ಲಗೇಜಿನಲ್ಲೇ ಹೊರಗೆ ತಂದು, ಹೊರಡುವಾಗ ಅಲ್ಲಿನ ಕಸ್ಟಮ್ಸ್‌ಗೆ ತೋರಿಸಿದರೆ ವ್ಯಾಟ್ ವಾಪಸ್ ಸಿಗುತ್ತದೆ. ನೀವೇ ಪಾರ್ಸೆಲ್ ಮಾಡಿದರೆ ಆ ದುಡ್ಡು ಹೋಯಿತು. ಬ್ರಿಟನ್ ಮಾತ್ರ ಉಲ್ಟಾ. ಅಲ್ಲಿ ಏರ್‌ಪೋರ್ಟಿನ ವ್ಯಾಟ್ ವಾಪಸ್ಸು 2021ರ ಜನವರಿಯಿಂದ ಇಲ್ಲ. ಅಂಗಡಿಯವರೇ ನೇರವಾಗಿ ಭಾರತಕ್ಕೆ ಕಳಿಸಿದರೆ ವ್ಯಾಟ್ ಇಲ್ಲದೆ ಮಾರಬಹುದು. ನಮ್ಮ ಸುಂಕ ಕೂಡಿಸಿದ ಮೇಲೂ ಲಾಭವೇ ಅಂತ ಆಗ ಕೂತು ಲೆಕ್ಕ ಹಾಕಬೇಕು.

ಅಂಚೆ: ನಿಧಾನ, ಆದರೆ ಮನೆ ಬಾಗಿಲಿಗೆ

ಹೋಯಿಆನ್ ದರ್ಜಿಗಳಿಗೆ ಹೆಸರಾದ ಊರು. ಅಳತೆ ಕೊಟ್ಟರೆ ಮಾರನೇ ದಿನ ಬಟ್ಟೆ ತಯಾರು. ನಾನು ಹೊಲಿಸಿದ ಬಟ್ಟೆಯ ಕಟ್ಟು ಎರಡು ಕೆಜಿಗೆ ಸ್ವಲ್ಪ ಕಡಿಮೆ ಇತ್ತು. ಕೌಂಟರಿನ ಹುಡುಗಿಗೆ 'ಹಾಸನ್' ಯಾರು ಅಂತ ಅನುಮಾನ ಬಂದದ್ದು ಈ ಪಾರ್ಸೆಲ್‌ಗೇ. ಎರಡು ಕೆಜಿ ಅನ್ನುವುದು ಅಂಚೆಯಲ್ಲಿ ಒಂದು ಗೆರೆ. ಅದರೊಳಗಿದ್ದರೆ ಸಣ್ಣ ಪ್ಯಾಕೆಟ್ ದರ, ದಾಟಿದರೆ ಪಾರ್ಸೆಲ್ ದರ. ಒಂದು ಸ್ಕಾರ್ಫ್ ಹೊರಗೆ ತೆಗೆದು ಕುತ್ತಿಗೆಗೆ ಸುತ್ತಿಕೊಂಡಿದ್ದು ಆ ಗೆರೆಗಾಗಿಯೇ.

ಬಟ್ಟೆ, ಪುಸ್ತಕ, ಆಟದ ಸಾಮಾನಿಗೆ ಅಂಚೆ ಚೆನ್ನ. ಒಡೆಯುವುದಿಲ್ಲ, ಅರ್ಜೆಂಟ್ ಇಲ್ಲ. ಬೇಗ ಬೇಕಾದರೆ ಇಎಂಎಸ್ ಅನ್ನುವ ವೇಗದ ಅಂಚೆ ಇದೆ, ದುಡ್ಡು ಜಾಸ್ತಿ. ಜಪಾನಿನಂಥ ಕಡೆ ಹಡಗಿನ ಅಂಚೆ ಇನ್ನೂ ಉಂಟು, ಅಗ್ಗ, ಎರಡು ಮೂರು ತಿಂಗಳು ಕಾಯಬೇಕು. ಅಮೆರಿಕದ ಅಂಚೆ ಇಲಾಖೆ 2007ರಲ್ಲೇ ಹಡಗಿನ ಪಾರ್ಸೆಲ್ ನಿಲ್ಲಿಸಿತು. ಹಾಗಾಗಿ ಅಮೆರಿಕದ ಮಕ್ಕಳಿಗೆ 'ನಿಧಾನಕ್ಕೆ ಬರಲಿ, ಹಡಗಲ್ಲಿ ಹಾಕು' ಅಂತ ಹೇಳಿ ಪ್ರಯೋಜನವಿಲ್ಲ.

ಹಡಗಿನ ಅಂಚೆ ಹಾಕುವವರು ಕ್ಯಾಲೆಂಡರ್ ನೋಡಿ ಹಾಕಿ. ನಮ್ಮ ತಮ್ಮ ಏಪ್ರಿಲ್‌ನಲ್ಲಿ ಕಳಿಸಿದ ಪುಸ್ತಕದ ಪೆಟ್ಟಿಗೆ ಆಷಾಢದಲ್ಲಿ ಊರು ಮುಟ್ಟಿತು. ಮಲೆನಾಡಿನ ಜುಲೈ ಹೇಗಿರುತ್ತೆ ಅಂತ ನಿಮಗೆ ಗೊತ್ತು. ರಟ್ಟು ಹಪ್ಪಳ ನೆನೆಸಿದ ಹಾಗಾಗಿತ್ತು. ಎತ್ತಿದರೆ ಅಡಿ ಕಳಚಿ ಬಿತ್ತು. ಪುಸ್ತಕ ಉಳಿದದ್ದು ಅವನು ಒಳಗೆ ದಪ್ಪ ಪ್ಲಾಸ್ಟಿಕ್ ಚೀಲ ಕಟ್ಟಿದ್ದರಿಂದ. ಘಟ್ಟದ ಊರಿಗೆ ಕಳಿಸುವುದಾದರೆ ಯಾವ ತಿಂಗಳಾದರೂ ಒಳಗೊಂದು ಪ್ಲಾಸ್ಟಿಕ್ ಹೊದಿಕೆ ಇರಲಿ.

ಅಂಚೆಯಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾಗುವುದು ಕೊನೆಯ ಮೈಲಿ. ಪಾರ್ಸೆಲ್ ಬೆಂಗಳೂರಿನ ವಿದೇಶಿ ಅಂಚೆ ಕಚೇರಿಗೆ ಬರುತ್ತದೆ. ಅಲ್ಲಿ ಕಸ್ಟಮ್ಸ್‌ನವರು ಬೆಲೆ ಕಟ್ಟುತ್ತಾರೆ. ಆಮೇಲೆ ಹಾಸನ, ಸಕಲೇಶಪುರ, ನಮ್ಮ ಹಳ್ಳಿಯ ಸಣ್ಣ ಅಂಚೆ ಕಚೇರಿ. ಸುಂಕ ಇದ್ದರೆ ಅಂಚೆಯಣ್ಣನೇ ಚೀಟಿ ತೋರಿಸಿ ದುಡ್ಡು ಇಸಿದುಕೊಳ್ಳುತ್ತಾರೆ, ಮೇಲೆ ಸಣ್ಣ ಅಂಚೆ ಶುಲ್ಕ. ನನ್ನ ಬಟ್ಟೆಗೆ ಹತ್ತಿರ ಹತ್ತಿರ ಆರು ವಾರ ಹಿಡಿಯಿತು. ಆದರೆ ನಮ್ಮ ಅಂಚೆಯಣ್ಣ ಅದನ್ನು ಬೈಕಿನ ಹಿಂದೆ ಕಟ್ಟಿಕೊಂಡು, ತೋಟದ ಗೇಟು ದಾಟಿ, ನಾಯಿ ಕಟ್ಟಿ ಅಂತ ಕೂಗಿ, ಜಗಲಿ ಮೇಲೆ ಇಟ್ಟು, ಕಾಫಿ ಕುಡಿದು ಹೋದರು.

ಈಗ ಬಹಳ ದೇಶಗಳಲ್ಲಿ ಕೈಬರಹದ ಕಸ್ಟಮ್ಸ್ ಫಾರಂ ನಡೆಯುವುದಿಲ್ಲ. ಫೋನಿನಲ್ಲಿ ತುಂಬಿ ಪ್ರಿಂಟ್ ಮಾಡಿಸಬೇಕು. 'ಬಟ್ಟೆ' ಅಂತ ಒಂದೇ ಪದ ಹಾಕಬೇಡಿ. 'ಹತ್ತಿಯ ಗಂಡಸರ ಶರ್ಟು, 2, ಹೊಸದು' ಅಂತ ಬಿಡಿಸಿ ಬರೆದರೆ ಬೆಂಗಳೂರಿನಲ್ಲಿ ಬಿಚ್ಚಿ ನೋಡುವ ಸಾಧ್ಯತೆ ಕಡಿಮೆ. ರಸೀದಿಯ ಮೇಲೆ 13 ಅಕ್ಷರ-ಅಂಕಿಯ ಒಂದು ನಂಬರು ಇರುತ್ತದೆ. ಮೊದಲು ಎರಡು ಅಕ್ಷರ, ನಡುವೆ ಒಂಬತ್ತು ಅಂಕಿ, ಕೊನೆಗೆ ದೇಶದ ಎರಡು ಅಕ್ಷರ. ವಿಯೆಟ್ನಾಂ ಆದರೆ ವಿಎನ್. ಇದೇ ನಂಬರನ್ನು ನಮ್ಮ ಅಂಚೆ ಇಲಾಖೆಯ ವೆಬ್‌ಸೈಟಿನಲ್ಲಿ ಹಾಕಿದರೂ ಪಾರ್ಸೆಲ್ ಎಲ್ಲಿದೆ ಅಂತ ಕಾಣುತ್ತದೆ.

ಕೊರಿಯರ್: ವೇಗಕ್ಕೆ ಬೆಲೆ, ಗಾಳಿಗೂ ಬೆಲೆ

ಹನೋಯ್ ಹತ್ತಿರದ ಬಾಟ್ ತ್ರಾಂಗ್ ಪಿಂಗಾಣಿಗೆ ಶತಮಾನಗಳಿಂದ ಹೆಸರಾದ ಹಳ್ಳಿ. ಅಲ್ಲೊಂದು ಟೀ ಸೆಟ್ಟಿಗೆ ಮನಸೋತೆ. ಅಕ್ಕನ ಮಗಳ ಮದುವೆಗೆ ಕೊಡೋಣ ಅಂತ. ಸೂಟ್‌ಕೇಸಿನಲ್ಲಿ ಒಡೆಯುತ್ತದೆ ಅನ್ನುವ ಭಯ. ಅಂಗಡಿಯವರು 'ಮನೆಗೇ ಕಳಿಸ್ತೀವಿ' ಅಂದರು.

ಸೆಟ್ಟಿನ ತೂಕ ಆರು ಕೆಜಿ. ಸುತ್ತಲೂ ಥರ್ಮಾಕೋಲು ತುಂಬಿ 50 ಸೆಂಟಿಮೀಟರ್ ಉದ್ದ, 40 ಅಗಲ, 40 ಎತ್ತರದ ಪೆಟ್ಟಿಗೆ ಮಾಡಿದರು. ಕೊರಿಯರ್ ಕಂಪನಿಗಳು ಮೂರೂ ಅಳತೆ ಗುಣಿಸಿ 5,000ದಿಂದ ಭಾಗಿಸುತ್ತವೆ. 80,000 ಭಾಗಿಸು 5,000, ಅಂದರೆ 16 ಕೆಜಿ. ನಿಜವಾದ ತೂಕ, ಈ ಲೆಕ್ಕದ ತೂಕ, ಯಾವುದು ಜಾಸ್ತಿಯೋ ಅದಕ್ಕೆ ದುಡ್ಡು. ಆರು ಕೆಜಿ ಪಿಂಗಾಣಿಗೂ ಹತ್ತು ಕೆಜಿ ಗಾಳಿಗೂ ಸೇರಿಸಿ ಬಾಡಿಗೆ ಕೊಟ್ಟೆ.

ಐದನೇ ದಿನ ಪೆಟ್ಟಿಗೆ ಬೆಂಗಳೂರಿಗೆ ಬಂತು. ಆಮೇಲೆ ಅಲ್ಲೇ ಕೂತಿತು. ಪೆಟ್ಟಿಗೆ ಮೇಲೆ 'ಗಿಫ್ಟ್, ಹತ್ತು ಡಾಲರ್' ಅಂತ ಇತ್ತು, ಒಳಗೆ ಅಂಗಡಿಯ ನಿಜವಾದ ಬಿಲ್ಲು ಇತ್ತು. ಕೊರಿಯರ್‌ನಲ್ಲಿ ಬರುವ ಸಾಮಾನಿಗೆ ತಗೊಳ್ಳುವವರ ಆಧಾರ್‌ನಂಥ ದಾಖಲೆ ಬೇಕು. ನಾನಿನ್ನೂ ವಿಯೆಟ್ನಾಂನಲ್ಲೇ ಇದ್ದೆ. ಇಲ್ಲಿ ಅಮ್ಮನಿಗೆ ಫೋನು ಬಂತು, ಹಿಂದಿಯಲ್ಲಿ. ಅಮ್ಮ 'ನಾವೇನೂ ತರಿಸಿಲ್ಲಪ್ಪ' ಅಂತ ಇಟ್ಟುಬಿಟ್ಟರು. ಅವರದ್ದೇನೂ ತಪ್ಪಿಲ್ಲ. 'ನಿಮ್ಮ ಹೆಸರಿಗೆ ವಿದೇಶದಿಂದ ಪಾರ್ಸೆಲ್ ಬಂದಿದೆ, ಕಸ್ಟಮ್ಸ್‌ನಲ್ಲಿ ಹಿಡಿದಿದ್ದಾರೆ' ಅನ್ನುವ ಮೋಸದ ಫೋನುಗಳ ಬಗ್ಗೆ ನಾನೇ ಅವರಿಗೆ ಹೇಳಿಕೊಟ್ಟಿದ್ದೆ. ನಿಜವಾದ ಪಾರ್ಸೆಲ್ ದಾರಿಯಲ್ಲಿರುವಾಗಲೇ ಆ ಮೋಸಕ್ಕೆ ಬೀಳುವುದು ಸುಲಭ. ಹಾಗಾಗಿ ಟ್ರ್ಯಾಕಿಂಗ್ ನಂಬರ್ ಮನೆಯವರಿಗೂ ಕೊಟ್ಟಿರಿ. ಕರೆ ಮಾಡಿದವರು ಅದನ್ನು ಹೇಳಲಿ. ಯಾರದೋ ಸ್ವಂತ ಖಾತೆಗೆ ದುಡ್ಡು ಹಾಕಿ ಅಂದರೆ ಫೋನ್ ಇಟ್ಟುಬಿಡಿ, ಅಮ್ಮನ ಹಾಗೆ.

ಕೊನೆಗೆ ನಿಜವಾದ ಬೆಲೆಗೆ ಸುಂಕ ಕಟ್ಟಿದ್ದಾಯಿತು. ಸುಂಕ ಹಾಕುವಾಗ ಸಾಮಾನಿನ ಬೆಲೆ ಒಂದನ್ನೇ ನೋಡುವುದಿಲ್ಲ, ಸಾಗಣೆ ಖರ್ಚು, ವಿಮೆಯನ್ನೂ ಸೇರಿಸುತ್ತಾರೆ. ಗಾಳಿಗೆ ಬಾಡಿಗೆ ಕೊಟ್ಟಿದ್ದೆನಲ್ಲ, ಅದಕ್ಕೂ ಸುಂಕ ಕೊಟ್ಟೆ. ಪೆಟ್ಟಿಗೆ ಸಕಲೇಶಪುರಕ್ಕೆ ಬಂದ ಮೇಲೆ ಡೆಲಿವರಿ ಹುಡುಗ ಪೇಟೆಯಿಂದ ಫೋನ್ ಮಾಡಿ, 'ನಿಮ್ಮ ಕಡೆ ನಮಗೆ ಸರ್ವಿಸ್ ಇಲ್ಲ, ಬಂದು ತಗೊಂಡು ಹೋಗಿ' ಅಂದ. ಹೋದೆ. ಬಿಚ್ಚಿದರೆ ಒಂದು ಕಪ್ಪಿನ ಕಿವಿ ಮುರಿದಿತ್ತು. ಪರಿಹಾರ ಕೇಳಿದೆ. ಪರಿಹಾರ ಪೆಟ್ಟಿಗೆ ಮೇಲೆ ಬರೆದ ಬೆಲೆಯ ಮೇಲೆ. ಆ ಬೆಲೆ ಹತ್ತು ಡಾಲರ್.

ಇಷ್ಟಾದರೂ ಕೊರಿಯರ್ ಬೇಡವೇ ಬೇಡ ಅನ್ನುವುದಿಲ್ಲ. ಪಾಸ್‌ಪೋರ್ಟು, ಯೂನಿವರ್ಸಿಟಿ ಸರ್ಟಿಫಿಕೇಟು, ಅರ್ಜೆಂಟಾಗಿ ಬೇಕಾದ ಮಿಷನ್ ಬಿಡಿಭಾಗ, ಇವಕ್ಕೆ ಅದೇ ಸರಿ. ವಿಳಾಸ ಮಾತ್ರ ಹಾಸನದಲ್ಲೋ ಚಿಕ್ಕಮಗಳೂರಿನಲ್ಲೋ ಪೇಟೆಯೊಳಗಿರುವ, ಫೋನ್ ಎತ್ತುವ, ಆಧಾರ್ ಕಳಿಸಲು ಬರುವ ನೆಂಟರದ್ದು ಕೊಡಿ. ತೋಟದ ವಿಳಾಸ ಬೇಡ.

ಯಾರಾದ್ರೂ ಊರಿಗೆ ಹೋಗ್ತಿದ್ದಾರಾ?

ಇದು ನಮ್ಮವರ ಅಚ್ಚುಮೆಚ್ಚಿನ ದಾರಿ. ದುಬೈಯಿಂದ ಮಂಗಳೂರಿಗೆ ನೇರ ವಿಮಾನ ಇರುವುದರಿಂದ ಗಲ್ಫಿನ ಸಾಮಾನು ಚಾರ್ಮಾಡಿ ಹತ್ತಿಯೋ ಶಿರಾಡಿ ಹತ್ತಿಯೋ ಸಂಜೆಯೊಳಗೆ ಮನೆಗೆ ಬರುತ್ತದೆ. ಬಿಟ್ಟಿ ಅನ್ನಿಸುತ್ತದೆ, ಆದರೆ ಬಿಟ್ಟಿ ಅಲ್ಲ. ತಂದುಕೊಟ್ಟವರ ಮನೆಗೆ ಬಾಳೆಗೊನೆ ಹೋಗುತ್ತದೆ, ಮುಂದಿನ ಸಲ ಅವರ ಮಗನ ಶೂ ನಮ್ಮ ಸೂಟ್‌ಕೇಸಿನಲ್ಲಿ ಬರುತ್ತದೆ.

ನಮ್ಮ ಮನೆಯ ನಿಯಮ ಇಷ್ಟೆ. ಕೊಡುವುದಾದರೆ ಪ್ಯಾಕ್ ಮಾಡದೆ, ಬಿಲ್ಲಿನ ಜೊತೆ ಕೊಡುತ್ತೇವೆ. ತಗೊಳ್ಳುವುದಾದರೆ ಕಣ್ಣೆದುರೇ ಬಿಚ್ಚಿ ನೋಡಿ, ನಾವೇ ಪ್ಯಾಕ್ ಮಾಡುತ್ತೇವೆ. ಅಂಟಿಸಿದ ಡಬ್ಬ ಯಾರು ಕೊಟ್ಟರೂ ಬೇಡ, ಸ್ವಂತ ಷಡ್ಡಕನೇ ಆದರೂ ಬೇಡ. ನಿಮ್ಮ ಬ್ಯಾಗಿನಲ್ಲಿ ಸಿಕ್ಕಿದ್ದು ನಿಮ್ಮದೇ ಅಂತ ಕಾನೂನು ನೋಡುತ್ತದೆ. ನಿಮ್ಮ ಸಾಮಾನು ತಂದುಕೊಡುವವರ ಮಿತಿಯೂ ನೆನಪಿರಲಿ. ನಿಮ್ಮ ವಾಚಿನಿಂದ ಅವರ ಸುಂಕದ ಮಿತಿ ದಾಟಿದರೆ ಕಟ್ಟುವವರು ಅವರು.

ಸ್ವಲ್ಪ ದೊಡ್ಡ ಮಟ್ಟದಲ್ಲಿ, ಲಗೇಜನ್ನೇ ಬೇರೆಯಾಗಿ ಹಡಗಿಗೆ ಅಥವಾ ಕಾರ್ಗೋಗೆ ಹಾಕುವುದೂ ಉಂಟು. ವಿದೇಶದಲ್ಲಿ ವರ್ಷಗಟ್ಟಲೆ ಇದ್ದು ಮರಳುವವರಿಗೆ ಅದು ಸರಿ. ಹತ್ತು ದಿನದ ಪ್ರವಾಸಿಗಲ್ಲ. ಹಾಗೆ ಹಿಂದೆ ಬರುವ ಲಗೇಜಿನಲ್ಲಿ ಬಳಸಿದ ಬಟ್ಟೆಬರೆಗೆ ಸುಂಕ ಇಲ್ಲ, ಹೊಸ ಸಾಮಾನಿಗೆ ವಿನಾಯಿತಿ ಇಲ್ಲ. ಹಡಗಿನಲ್ಲಿ ಸಾಮಾನ್ಯವಾಗಿ ಕನಿಷ್ಠ ಒಂದು ಘನ ಮೀಟರಿನ ಬಾಡಿಗೆ ಕೇಳುತ್ತಾರೆ. ಒಂದು ಕುರ್ಚಿಗೆ ಅಷ್ಟು ಯಾಕೆ ಸುಮ್ನೆ?

ಏಳು ಬೀಜದ ಕಾಲ ಅಲ್ಲ ಇದು

ಬಾಬಾ ಬುಡನ್ ಯೆಮೆನ್‌ನ ಮೋಕಾದಿಂದ ಏಳು ಕಾಫಿ ಬೀಜ ಗುಟ್ಟಾಗಿ ತಂದು ಚಿಕ್ಕಮಗಳೂರಿನ ಗಿರಿಯಲ್ಲಿ ಬಿತ್ತಿದರು ಅನ್ನುವುದು 17ನೇ ಶತಮಾನದ ಐತಿಹ್ಯ. ನಾವೆಲ್ಲ ಆ ಏಳು ಬೀಜದ ಅನ್ನ ತಿನ್ನುವವರು. ಅದಕ್ಕೇ ಇರಬೇಕು, ನಮ್ಮ ಕಡೆಯವರಿಗೆ ವಿದೇಶದ ತೋಟ ಕಂಡರೆ ಕೈ ತುರಿಸುತ್ತದೆ.

ನಮ್ಮ ತಂಡದ ಹಿರಿಯರೊಬ್ಬರು ವಿಯೆಟ್ನಾಂ ಮೆಣಸಿನ ಬಳ್ಳಿಯ ಎರಡು ತುಂಡು ಕಿತ್ತು, ಒದ್ದೆ ಪೇಪರಿನಲ್ಲಿ ಸುತ್ತಿ, ಶೇವಿಂಗ್ ಕಿಟ್ಟಿನಲ್ಲಿ ಇಟ್ಟುಕೊಂಡಿದ್ದರು. ಹೋಟೆಲಿನಲ್ಲಿ ಎಲೆಯ ತುದಿ ಹೊರಗೆ ಇಣುಕಿ ಗುಟ್ಟು ರಟ್ಟಾಯಿತು. ಎಲ್ಲರೂ ಸೇರಿ ಬೈದು ಎಸೆಸಿದೆವು. ಗಿಡ, ಬೀಜ, ಕಡ್ಡಿ, ಮಣ್ಣು ಯಾವುದನ್ನೂ ಆಮದು ಪರವಾನಗಿ ಮತ್ತು ಆ ದೇಶದ ಸಸ್ಯ ಆರೋಗ್ಯ ಪ್ರಮಾಣಪತ್ರ ಇಲ್ಲದೆ ತರುವಂತಿಲ್ಲ. 2003ರ ಸಸ್ಯ ಕ್ವಾರಂಟೈನ್ ಆದೇಶ ಇದನ್ನು ಹೇಳುತ್ತದೆ. ಬ್ಯಾಗಿನಲ್ಲಾದರೂ ಅಷ್ಟೆ, ಅಂಚೆಯಲ್ಲಾದರೂ ಅಷ್ಟೆ. ಹೊರಗಿನ ಗಿಡದ ಜೊತೆ ರೋಗವೂ ಬರಬಹುದು. ಸೊರಗು ರೋಗಕ್ಕೆ ಮೆಣಸಿನ ಬಳ್ಳಿ ಕಳಕೊಂಡವರಿಗೆ ಇದರ ಕಾರಣ ಬಿಡಿಸಿ ಹೇಳಬೇಕಾಗಿಲ್ಲ. ಇನ್ನೊಬ್ಬರು ಅಲ್ಲಿನ ಕರಿಮೆಣಸಿನ ಪೊಟ್ಟಣ ಕೊಂಡಿದ್ದರು. ನಮ್ಮ ಮೆಣಸಿನ ಬೆಲೆ ಇಳಿಸುವ ಮೆಣಸನ್ನು ದುಡ್ಡು ಕೊಟ್ಟು ತಂದ ಪುಣ್ಯಾತ್ಮ ಅಂತ ಅವರನ್ನು ಇವತ್ತಿಗೂ ಆಡಿಕೊಳ್ಳುತ್ತೇವೆ. ಹುರಿದು ಪುಡಿ ಮಾಡಿದ ಕಾಫಿಯ ಪ್ಯಾಕೆಟ್ಟು ಮನೆ ಬಳಕೆಗೆ ತಂದರೆ ತೊಂದರೆಯಿಲ್ಲ, ಹಸಿ ಬೀಜ ಬೇಡ.

ಪಾರ್ಸೆಲ್‌ನಲ್ಲಿ ಹಾಕಬಾರದ್ದು ಇನ್ನೂ ಇವೆ. ಪವರ್‌ಬ್ಯಾಂಕ್ ಅಂಚೆಗೂ ಬೇಡ, ಚೆಕ್-ಇನ್ ಬ್ಯಾಗಿಗೂ ಬೇಡ, ಕೈಚೀಲದಲ್ಲೇ ಇರಲಿ. ಸೆಂಟಿನ ಬಾಟಲಿಯನ್ನು ವಿಮಾನದ ಅಂಚೆಯಲ್ಲಿ ತಗೊಳ್ಳುವುದಿಲ್ಲ. ಡ್ರೋನ್, ಇ-ಸಿಗರೇಟ್ ಭಾರತಕ್ಕೆ ತರುವುದೇ ನಿಷೇಧ. ಥಾಯ್ಲೆಂಡಿನಿಂದ ಬುದ್ಧನ ವಿಗ್ರಹ ತರುವವರಿಗೆ ಅಲ್ಲಿನ ಲಲಿತಕಲಾ ಇಲಾಖೆಯ ಅನುಮತಿ ಬೇಕು. ಹಳೇಬೀಡಿನ ಕಲ್ಲಿನ ತುಂಡನ್ನು ಯಾರೋ ಹೊತ್ತೊಯ್ದರೆ ನಮಗೆ ಹೇಗನ್ನಿಸುತ್ತೆ, ಅವರಿಗೂ ಹಾಗೇ ಅಲ್ವಾ.

ವಿಳಾಸ

ಹೆಸರು, ಮನೆ, ಹಳ್ಳಿ, ಅಂಚೆ ಕಚೇರಿ, ತಾಲ್ಲೂಕು. ಆಮೇಲೆ 'ಹಾಸನ ಜಿಲ್ಲೆ' ಅಂತ ಜಿಲ್ಲೆ ಪದವನ್ನು ಸೇರಿಸಿಯೇ ಬರೆಯಿರಿ, ಇಲ್ಲದಿದ್ದರೆ ನನ್ನ ಹಾಗೆ ಹಾಸನ್ ಸಾಹೇಬರ ಪರಿಚಯ ಮಾಡಿಕೊಡಬೇಕಾಗುತ್ತದೆ. ಚಿಕ್ಕಮಗಳೂರಿನವರ ಕಷ್ಟ ಬೇರೆ. ಇಂಗ್ಲಿಷಿನಲ್ಲಿ ಅದನ್ನು ಮೂರ್ನಾಲ್ಕು ಥರ ಬರೆಯುತ್ತಾರೆ. ಹಾಗಾಗಿ ನಂಬಬೇಕಾದದ್ದು ಪಿನ್ ಕೋಡನ್ನು. ಹಾಸನ ಪೇಟೆಗೆ 573201, ಸಕಲೇಶಪುರಕ್ಕೆ 573134, ಚಿಕ್ಕಮಗಳೂರಿಗೆ 577101. ನಿಮ್ಮ ಹಳ್ಳಿಯದು ಬೇರೆ ಇದ್ದರೆ ಅದನ್ನೇ ಹಾಕಿ. ಕೊನೆಗೆ ದೇಶದ ಹೆಸರು ದೊಡ್ಡದಾಗಿ, +91 ಸೇರಿಸಿದ ಫೋನ್ ನಂಬರು, ಮತ್ತು ಇದೇ ವಿಳಾಸದ ಇನ್ನೊಂದು ಚೀಟಿ ಪೆಟ್ಟಿಗೆಯ ಒಳಗೆ. ಮಳೆಗೆ ಹೊರಗಿನದು ಅಳಿಸಿಹೋದರೆ ಒಳಗಿನದಾದರೂ ಇರುತ್ತದೆ.

ಬರುವ ವರ್ಷ ಅಕ್ಕನ ಜೊತೆ ಜಪಾನಿಗೆ ಹೋಗುವ ಮಾತಿದೆ. ಅಮ್ಮ ಈಗಲೇ ಕಾಫಿ ತೂಗುವ ತಕ್ಕಡಿಯಲ್ಲಿ ನನ್ನ ಖಾಲಿ ಸೂಟ್‌ಕೇಸ್ ತೂಗಿ ನಾಲ್ಕೂವರೆ ಕೆಜಿ ಅಂತ ಬಳಪದಲ್ಲಿ ಒಳಗೆ ಬರೆದಿಟ್ಟಿದ್ದಾರೆ. ಟೀ ಸೆಟ್ಟು ಅಕ್ಕನ ಮಗಳ ಮನೆ ಶೋಕೇಸಿನಲ್ಲಿದೆ, ಐದು ಕಪ್ಪಿನ ಜೊತೆ. ಕಿವಿ ಮುರಿದ ಆರನೆಯದರಲ್ಲಿ ಅಮ್ಮ ಸಕ್ಕರೆ ಇಡುತ್ತಾರೆ.